ದಿನದ ಓಡಾಟಕ್ಕೆ ಯಾವ ಬೈಕ್? ಸಿಸಿ ಆಮೇಲೆ ನೋಡಿ

ಬೆಂಗಳೂರಲ್ಲಿ ದಿನಾ 40 ಕಿ.ಮೀ. ಓಡಾಡುವವರು ‘ಯಾವ ಬೈಕ್ ತಗೊಳ್ಳಲಿ?’ ಅಂತ ಕೇಳಿದರೆ ನಾನು ಈ ನಾಲ್ಕು ವಿಷಯ ನೋಡಿ ಅಂತೀನಿ.

ಮೈಲೇಜ್: ತಿಂಗಳಿಗೆ 25 ದಿನ ಅಂದರೆ 1,000 ಕಿ.ಮೀ. ಲೀಟರಿಗೆ 60 ಕಿ.ಮೀ. ಕೊಡುವ ಬೈಕಿಗೆ ಸುಮಾರು 17 ಲೀಟರ್ ಪೆಟ್ರೋಲ್ ಸಾಕು, 40 ಕೊಡುವುದಕ್ಕೆ 25 ಲೀಟರ್ ಬೇಕು. ಲೀಟರಿಗೆ 100 ರೂಪಾಯಿ ಅಂತಿಟ್ಟುಕೊಂಡರೂ ತಿಂಗಳಿಗೆ 800 ರೂಪಾಯಿ ವ್ಯತ್ಯಾಸ.

ತೂಕ: ಟ್ರಾಫಿಕ್‌ನಲ್ಲಿ ಕಾಲೂರಿ ನಿಲ್ಲುವುದೇ ಹೆಚ್ಚು. ಹೋಂಡಾ ಶೈನ್ 100 ತೂಕ 99 ಕೆ.ಜಿ., ಹೀರೋ ಸ್ಪ್ಲೆಂಡರ್ ಪ್ಲಸ್ 112. ಎರಡರ ಸೀಟಿನ ಎತ್ತರವೂ ಸುಮಾರು 785 ಮಿ.ಮೀ. ಶೋರೂಮಿನಲ್ಲಿ ಕೂತು, ಎರಡೂ ಪಾದ ನೆಲಕ್ಕೆ ಸಿಗುತ್ತಾ ನೋಡಿ.

ಬ್ರೇಕ್: 2019ರಲ್ಲಿ ಜಾರಿಯಾದ ನಿಯಮ ಎಬಿಎಸ್ ಕಡ್ಡಾಯ ಮಾಡಿದ್ದು 125 ಸಿಸಿ ದಾಟಿದ ಬೈಕುಗಳಿಗೆ, ಚಿಕ್ಕವಕ್ಕೆ ಸಿಬಿಎಸ್ ಸಾಕು ಎಂದಿತು. ಕಡಿಮೆ ದುಡ್ಡಿರುವವರ ಜೀವ ಅಗ್ಗವೇ? ಮುಂದೆ ಡಿಸ್ಕ್ ಬ್ರೇಕ್ ಇರುವುದಕ್ಕೆ ಸ್ವಲ್ಪ ಜಾಸ್ತಿ ಕೊಡಿ.

ಬೆಲೆ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಆದರೂ ರಸ್ತೆ ತೆರಿಗೆ, ವಿಮೆ ಸೇರಿಸಿದ ಆನ್‌ರೋಡ್ ಬೆಲೆಯನ್ನೇ ಕೇಳಿ.

ಇಷ್ಟೆಲ್ಲ ಲೆಕ್ಕ ಹಾಕಬೇಕಾಗಿರುವುದು ಮನೆ ಹತ್ತಿರ ಹೊತ್ತಿಗೆ ಸರಿಯಾಗಿ ಬಸ್ ಬರದಿರುವುದಕ್ಕೆ. ಬೈಕ್ ತಗೊಳ್ಳಿ, ಆದರೆ ನಿಮ್ಮ ಶಾಸಕರ ಹತ್ತಿರ ಬಸ್ ಕೇಳುವುದನ್ನು ಬಿಡಬೇಡಿ.