ಸರ್ಕಾರಿ ಸಂವಹನ ಬೋಧನೆ: ಸಿಂಧನೂರು ಕ್ಯಾಂಪುಗಳ ಪ್ರಕರಣ

ಕಚೇರಿಯ ನಿಜವಾದ ತೊಡಕೊಂದನ್ನು ಕಾಗದಪತ್ರಗಳ ಸಮೇತ ತರಬೇತಿ ಪಡೆಯುತ್ತಿರುವ ಅಧಿಕಾರಿಗಳ ಮುಂದಿಟ್ಟು, ‘ಜನರಿಗೆ ಈಗ ಏನು ಹೇಳುವಿರಿ?’ ಎಂದು ಕೇಳುವುದು ಪ್ರಕರಣಾಧಾರಿತ ಬೋಧನೆ. 1870ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯಲ್ಲಿ ಲ್ಯಾಂಗ್‌ಡೆಲ್ ಆರಂಭಿಸಿದ ಪದ್ಧತಿ ಇದರ ಮೂಲ. ನಿರಾಶ್ರಿತರ ಪುನರ್ವಸತಿ ಇದಕ್ಕೆ ಹೇಳಿಮಾಡಿಸಿದ ವಿಷಯ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಪ್ರತ್ಯೇಕ ಕಾಯ್ದೆಯೂ ಇಲ್ಲ. ಒಂದೊಂದು ಸಮುದಾಯಕ್ಕೆ ಒಂದೊಂದು ನಿಯಮ.

ಕೊಪ್ಪಳದ ಕಡೆಯಿಂದ ಗಂಗಾವತಿ, ಕಾರಟಗಿ ದಾಟಿದರೆ ರಾಯಚೂರು ಜಿಲ್ಲೆಯ ಸಿಂಧನೂರು. ತುಂಗಭದ್ರಾ ಎಡದಂಡೆ ನಾಲೆಯ ಈ ಸೀಮೆಯಲ್ಲಿ ಹೊರಗಿನಿಂದ ಬಂದು ನೆಲೆಸಿದವರ ಊರಿಗೆ ‘ಕ್ಯಾಂಪ್’ ಎನ್ನುವುದು ರೂಢಿ. ಆಂಧ್ರದ ರೈತರ ಕ್ಯಾಂಪುಗಳಲ್ಲದೆ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂಗಳಿಗಾಗಿ 1970ರ ದಶಕದ ಆರಂಭದಲ್ಲಿ ಎದ್ದ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳೂ ಇಲ್ಲಿವೆ.

ಈ ಬಂಗಾಳಿ ನಿರಾಶ್ರಿತರ ಪೌರತ್ವವೇ ತರಗತಿಗೆ ಅತ್ಯಂತ ಕಠಿಣ ಪಾಠ. 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಆಮೇಲೆ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಪೌರರಾಗಿರಬೇಕು. 2004ರ ಡಿಸೆಂಬರ್ 3ರಿಂದ ನಿಯಮ ಇನ್ನೂ ಬಿಗಿ. 2019ರ ಪೌರತ್ವ ತಿದ್ದುಪಡಿಯು 2014ರ ಡಿಸೆಂಬರ್ 31ರೊಳಗೆ ಬಂದ ಇಂಥವರಿಗೆ ದಾರಿ ತೆರೆಯಿತು. ಅದರ ನಿಯಮಗಳು ಹೊರಬಿದ್ದದ್ದು 2024ರ ಮಾರ್ಚ್ 11ರಂದು. ಹೀಗಾಗಿ ಒಂದೇ ಮನೆಯಲ್ಲಿ ಅಜ್ಜ ಅರ್ಜಿ ಹಾಕಬೇಕಾಗಬಹುದು, ಇಲ್ಲೇ ಹುಟ್ಟಿದ ಮಗನಿಗೆ ಅದರ ಗೊಡವೆಯೇ ಇರಲಿಕ್ಕಿಲ್ಲ. ಎಲ್ಲರೂ ಅರ್ಜಿ ಹಾಕಿ ಎಂದು ಡಂಗುರ ಸಾರಿದರೆ ಆಗಲೇ ಪೌರರಾದವರೂ ಹೆದರುತ್ತಾರೆ. ಹುಟ್ಟಿದ ವರ್ಷ ಕೇಳಿ ಆಮೇಲೆ ಮಾತಾಡುವುದನ್ನು ಅಧಿಕಾರಿ ಮೊದಲು ಕಲಿಯಬೇಕು.

ಜಾತಿ ಪ್ರಮಾಣಪತ್ರದ್ದು ಬೇರೆ ಸಂಕಟ. ಈ ಕ್ಯಾಂಪುಗಳಲ್ಲಿರುವ ನಾಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿ, ಕರ್ನಾಟಕದ ಪಟ್ಟಿಯಲ್ಲಿ ಇಲ್ಲ. ಸಂವಿಧಾನದ 341ನೇ ವಿಧಿಯಂತೆ ಪಟ್ಟಿ ರಾಜ್ಯವಾರು. ಇಲ್ಲಿ ‘ಬರುವುದಿಲ್ಲ’ ಎಂದು ಕೌಂಟರಿನಿಂದ ಹಿಂದಕ್ಕೆ ಕಳಿಸುವುದು ಉತ್ತರವಲ್ಲ. ಪಟ್ಟಿ ಬದಲಿಸುವ ಅಧಿಕಾರ ತಹಶೀಲ್ದಾರರಿಗಿಲ್ಲ, ಸಂಸತ್ತಿಗಿದೆ ಎಂಬುದನ್ನು ಅರ್ಜಿದಾರನಿಗೆ ತಿಳಿಯುವ ಮಾತಿನಲ್ಲಿ ಹೇಳುವುದೂ ಆಡಳಿತದ ಕೆಲಸವೇ.

ಇಂಥ ಮಾತು ಜನರಿಗೆ ಯಾರ ಮೂಲಕ ತಲುಪಬೇಕು ಎಂಬುದರ ಹೋಲಿಕೆಗೆ ಬೈಲುಕುಪ್ಪೆ ಮತ್ತು ಮುಂಡಗೋಡದ ಟಿಬೆಟನ್ ನೆಲೆಗಳಿವೆ. ಅಲ್ಲಿ ಟಿಬೆಟನ್ ಆಡಳಿತದ ವಸಾಹತು ಅಧಿಕಾರಿ ಸರ್ಕಾರಕ್ಕೂ ಜನಕ್ಕೂ ನಡುವೆ ನಿಂತು ಸುದ್ದಿ ದಾಟಿಸುತ್ತಾರೆ. ಸಿಂಧನೂರಿನ ಕ್ಯಾಂಪುಗಳಿಗೆ ಅಂಥ ಕಚೇರಿಯಿಲ್ಲ. ಗ್ರಾಮ ಪಂಚಾಯತಿ, ಶಾಲೆ, ಎರಡೂ ಭಾಷೆ ಬಲ್ಲ ಊರಿನ ಹುಡುಗರೇ ದಾರಿ. ಇವರಲ್ಲಿ ಯಾರ ಮೂಲಕ ಏನು ಹೇಳಿಸಬೇಕೆಂದು ತರಬೇತಿಯಲ್ಲಿರುವವರು ನಿರ್ಧರಿಸಿ, ಕನ್ನಡ ಮತ್ತು ಬಂಗಾಳಿ ಎರಡರಲ್ಲೂ ಒಂದು ಪುಟದ ತಿಳಿವಳಿಕೆ ಪತ್ರ ಸಿದ್ಧಪಡಿಸಬಹುದು.