ಗ್ರಾಮ ಗ್ರಂಥಪಾಲಕ ಮತ್ತು ಜಾಲಮಾಧ್ಯಮ: ಮಂಗಸೂಳಿಯ ನೆಲೆಯಿಂದ ಒಂದು ಚಾರಿತ್ರಿಕ ವಿವೇಚನೆ

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಮಂಗಸೂಳಿ ಮಹಾರಾಷ್ಟ್ರದ ಗಡಿಗೆ ಸಮೀಪವಿರುವ ಊರು. ಕಾಗವಾಡ ಪ್ರತ್ಯೇಕ ತಾಲ್ಲೂಕಾಗುವುದಕ್ಕೆ ಮುನ್ನ ಇದು ಅಥಣಿ ತಾಲ್ಲೂಕಿಗೆ ಸೇರಿತ್ತು. ಇಲ್ಲಿ ನೆಲೆಸಿರುವ ದೈವವು ಕನ್ನಡ ಭಕ್ತರಿಗೆ ಮಲ್ಲಯ್ಯ ಅಥವಾ ಮೈಲಾರಲಿಂಗ, ಮರಾಠಿ ಭಕ್ತರಿಗೆ ಖಂಡೋಬಾ. ಒಂದೇ ಗುಡಿಯ ಮುಂದೆ, ಒಂದೇ ಭಂಡಾರವನ್ನು ಹಣೆಗೆ ಹಚ್ಚಿಕೊಂಡು, ಎರಡು ಭಾಷೆಗಳಲ್ಲಿ ಹಾಡುವ ಜನಸಮುದಾಯ ಇದು. ಈ ಹಾಡುಗಳು ಶತಮಾನಗಳ ಕಾಲ ಬಾಯಿಂದ ಬಾಯಿಗೆ ಸಾಗಿ ಬಂದವು. ಈಗ ಅವು ಮೊಬೈಲಿನಿಂದ ಮೊಬೈಲಿಗೂ ಸಾಗುತ್ತಿವೆ. ಹೀಗೆ ಸಾಗುವಾಗ ಹಾಡು ಉಳಿದರೂ ಹಾಡಿದವರ ಹೆಸರು, ಊರು, ಹಾಡಿದ ದಿನ ಮತ್ತು ಸಂದರ್ಭಗಳು ಮೊದಲ ಕೆಲವು ಕೈಗಳಲ್ಲಿಯೇ ಕಳಚಿಹೋಗುತ್ತವೆ. ಈ ನಷ್ಟವನ್ನು ತಡೆಯಬಲ್ಲ ಸ್ಥಾನದಲ್ಲಿರುವವರು ಯಾರು ಎಂಬ ಪ್ರಶ್ನೆಗೆ ದೊರೆಯುವ ಉತ್ತರಗಳಲ್ಲಿ ಗ್ರಾಮ ಗ್ರಂಥಾಲಯದ ಮೇಲ್ವಿಚಾರಕರೂ ಒಬ್ಬರು. ಜಾಲಮಾಧ್ಯಮವನ್ನು ಗ್ರಂಥಾಲಯದ ನೌಕರರು ಕಲಿತುಕೊಂಡ ಬಗೆಯ ಚರಿತ್ರೆಯನ್ನು ಸ್ಥೂಲವಾಗಿ ಗುರುತಿಸಿ, ಆ ಕಲಿಕೆ ಮಂಗಸೂಳಿಯಂತಹ ಗಡಿಯೂರಿನಲ್ಲಿ ಯಾವ ಅರ್ಥವನ್ನು ಪಡೆಯಬೇಕೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಗಡಿ ಸೀಮೆಯ ಗ್ರಂಥಾಲಯ ಪರಂಪರೆ

ಗ್ರಂಥಾಲಯದ ಇತಿಹಾಸದಲ್ಲಿ ಈ ಪ್ರದೇಶಕ್ಕೆ ಒಂದು ವಿಶಿಷ್ಟ ಸ್ಥಾನವಿದೆ. ಸ್ವಾತಂತ್ರ್ಯಪೂರ್ವದಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದ ಭಾಗವಾಗಿತ್ತು. ಅದರ ಸುತ್ತ ಕೊಲ್ಹಾಪುರ, ಸಾಂಗಲಿ, ಮಿರಜ, ಕುರುಂದವಾಡ, ಜಮಖಂಡಿ ಮೊದಲಾದ ಸಂಸ್ಥಾನಗಳ ಸೀಮೆಗಳು ಹೆಣೆದುಕೊಂಡಿದ್ದವು. ಮುಂಬಯಿ ಸರಕಾರವು 1939ರಲ್ಲಿ ಎ. ಎ. ಎ. ಫೈಜಿಯವರ ಅಧ್ಯಕ್ಷತೆಯಲ್ಲಿ ಗ್ರಂಥಾಲಯ ಅಭಿವೃದ್ಧಿ ಸಮಿತಿಯನ್ನು ನೇಮಿಸಿತು. ಪ್ರಾಂತ ಕೇಂದ್ರದಿಂದ ಆರಂಭಿಸಿ ಜಿಲ್ಲೆ, ತಾಲ್ಲೂಕು ಮತ್ತು ಹಳ್ಳಿಯವರೆಗೆ ಇಳಿಯುವ ಗ್ರಂಥಾಲಯ ಶ್ರೇಣಿಯೊಂದನ್ನು ಆ ಸಮಿತಿ ಸೂಚಿಸಿತು. 1945ರಲ್ಲಿ ಕೊಲ್ಹಾಪುರ ಸಂಸ್ಥಾನವು ಭಾರತದಲ್ಲಿಯೇ ಮೊದಲನೆಯದಾದ ಸಾರ್ವಜನಿಕ ಗ್ರಂಥಾಲಯ ಕಾಯಿದೆಯನ್ನು ಜಾರಿಗೆ ತಂದಿತು. ದೇಶದ ಮೊಟ್ಟಮೊದಲ ಗ್ರಂಥಾಲಯ ಶಾಸನ ಹುಟ್ಟಿದ್ದು ಮಹಾನಗರದಲ್ಲಲ್ಲ, ಚಿಕ್ಕೋಡಿ–ನಿಪ್ಪಾಣಿಗಳ ನೆರೆಯ ಸಂಸ್ಥಾನದಲ್ಲಿ ಎಂಬುದು ಗಮನಾರ್ಹ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯಿದೆಯು ಗ್ರಂಥಾಲಯ ಕರದ ಆಧಾರದ ಮೇಲೆ ಸರಕಾರವೇ ನಡೆಸುವ ವ್ಯವಸ್ಥೆಯನ್ನು ರೂಪಿಸಿತು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ್ದ ಎಸ್. ಆರ್. ರಂಗನಾಥನ್ ಅವರ ಚಿಂತನೆಯ ಪ್ರಭಾವ ಈ ವ್ಯವಸ್ಥೆಯ ಹಿಂದಿದೆ. ಗಡಿಯಾಚೆ 1967ರ ಮಹಾರಾಷ್ಟ್ರ ಕಾಯಿದೆ ಬೇರೆ ದಾರಿ ಹಿಡಿಯಿತು. ಅಲ್ಲಿ ಕರವಿಲ್ಲ, ಸ್ಥಳೀಯ ಸಂಘಗಳು ನಡೆಸುವ ವಾಚನಾಲಯಗಳಿಗೆ ಸರಕಾರ ಅನುದಾನ ನೀಡುತ್ತದೆ. ಹೀಗಾಗಿ ಒಂದೇ ದೈವದ ಒಕ್ಕಲಿನವರು ಗಡಿಯ ಈಚೆಗೆ ಒಂದು ಬಗೆಯ, ಆಚೆಗೆ ಇನ್ನೊಂದು ಬಗೆಯ ಗ್ರಂಥಾಲಯಕ್ಕೆ ಹೋಗುವವರಾದರು. ಎರಡೂ ಕಡೆಯ ಪುಸ್ತಕಪಟ್ಟಿಗಳು ಪರಸ್ಪರ ಮಾತನಾಡಲಿಲ್ಲ. ಈ ಅಂಶವನ್ನು ನೆನಪಿನಲ್ಲಿಟ್ಟುಕೊಂಡರೆ ಜಾಲಸಾಧನಗಳು ಇಲ್ಲಿ ತಂದ ಸಾಧ್ಯತೆ ಏನೆಂಬುದು ಸ್ಪಷ್ಟವಾಗುತ್ತದೆ.

ನೌಕರರ ಕಲಿಕೆ: 2006ರ ಒಂದು ಪ್ರಯೋಗ

ಗ್ರಂಥಾಲಯದ ನೌಕರರಿಗೆ ಜಾಲಮಾಧ್ಯಮವನ್ನು ಕ್ರಮಬದ್ಧವಾಗಿ ಪರಿಚಯಿಸಿದ ಹೆಸರುವಾಸಿಯಾದ ಪ್ರಯೋಗ ನಡೆದದ್ದು 2006ರಲ್ಲಿ, ಅಮೆರಿಕದ ಉತ್ತರ ಕೆರೊಲಿನಾದ ಷಾರ್ಲಟ್ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ. ಹೆಲೀನ್ ಬ್ಲೋವರ್ಸ್ ಅವರು ರೂಪಿಸಿದ ಈ ಕಾರ್ಯಕ್ರಮದಲ್ಲಿ 23 ಸಣ್ಣ ಕೆಲಸಗಳಿದ್ದವು. ಬ್ಲಾಗ್ ತೆರೆಯುವುದು, ಛಾಯಾಚಿತ್ರಗಳನ್ನು ಜಾಲದಲ್ಲಿ ಹಂಚುವುದು, ವಿಕಿಯಲ್ಲಿ ಬರೆಯುವುದು, ಧ್ವನಿಮುದ್ರಿಕೆಗಳನ್ನು ಹುಡುಕಿ ಕೇಳುವುದು ಮುಂತಾದವು ಅದರಲ್ಲಿ ಸೇರಿದ್ದವು. ಅಧ್ಯಾಪಕರ ಪಾಠವಿಲ್ಲದೆ ನೌಕರರು ತಮ್ಮ ಬಿಡುವಿನಲ್ಲಿ ತಾವೇ ಮಾಡಿ ನೋಡಿ, ಕಂಡದ್ದನ್ನು ಬರೆದಿಡಬೇಕಿತ್ತು. ಮುಂದಿನ ವರ್ಷಗಳಲ್ಲಿ ಅನೇಕ ದೇಶಗಳ ಗ್ರಂಥಾಲಯಗಳು ಈ ಮಾದರಿಯನ್ನು ಅನುಸರಿಸಿದವು.

ಈ ಪ್ರಯೋಗ ಎರಡು ಪಾಠಗಳನ್ನು ಉಳಿಸಿಹೋಗಿದೆ. ನೌಕರರು ಸಾಧನವನ್ನು ಬಳಸಿಯೇ ಕಲಿಯಬೇಕೆಂಬುದು ಮೊದಲನೆಯದು. ಎರಡನೆಯ ಪಾಠ ಕಾಲ ಕಳೆದ ಮೇಲೆ ತಿಳಿದದ್ದು. ಆ ದಿನಗಳಲ್ಲಿ ಗ್ರಂಥಪಾಲಕರು ಜಾಲಕೊಂಡಿಗಳನ್ನು ಕೂಡಿಡಲು ಮೆಚ್ಚಿ ಬಳಸುತ್ತಿದ್ದ ಡೆಲಿಷಿಯಸ್ ತಾಣ 2017ರಲ್ಲಿ ಬೇರೆಯವರ ಕೈಸೇರಿ ಹೊಸ ಸೇರ್ಪಡೆಗಳಿಗೆ ಮುಚ್ಚಿತು. ಭಾರತದ ತರುಣರು ಮುಗಿಬಿದ್ದು ಸೇರಿದ್ದ ಆರ್ಕುಟ್ 2004ರಲ್ಲಿ ಆರಂಭವಾಗಿ 2014ರಲ್ಲಿ ನಿಂತಿತು. ಸಾಧನದ ಆಯುಷ್ಯ ಹತ್ತು ವರ್ಷವಾದರೆ ಗ್ರಂಥಾಲಯದ ಲೆಕ್ಕಾಚಾರ ನೂರು ವರ್ಷದ್ದು. ಈ ಎರಡು ಕಾಲಮಾನಗಳ ನಡುವಿನ ಅಂತರವೇ ಇಲ್ಲಿಯ ಮುಖ್ಯ ಸಮಸ್ಯೆ.

ಕನ್ನಡದ ದಾರಿ

ಕನ್ನಡದಲ್ಲಿ ಈ ಕಲಿಕೆಗೆ ಮೊದಲ ತೊಡಕು ಲಿಪಿಯದಾಗಿತ್ತು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಬಹುಕಾಲ ಕಚೇರಿ ಮತ್ತು ಮುದ್ರಣಾಲಯಗಳ ಬರೆಹ ಬೇರೆ ಬೇರೆ ಅಕ್ಷರಶೈಲಿಗಳ ಸಂಕೇತಗಳಲ್ಲಿ ನಡೆಯಿತು. ಹಾಗೆ ಬೆರಳಚ್ಚಾದ ಪಠ್ಯವನ್ನು ಕಣ್ಣಿನಿಂದ ಓದಬಹುದಿತ್ತೇ ಹೊರತು ಜಾಲದಲ್ಲಿ ಹುಡುಕಿ ತೆಗೆಯಲಾಗುತ್ತಿರಲಿಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಯೂನಿಕೋಡ್ ಬರೆಹದ ದೊಡ್ಡ ಅಭ್ಯಾಸಶಾಲೆಯಾಯಿತು. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದ್ದು ಮತ್ತೊಂದು ಮುಖ್ಯ ಘಟ್ಟ. 2016ರಿಂದ ಪ್ರತಿ ಗ್ರಂಥಪಾಲಕರೂ ವಿಕಿಪೀಡಿಯಕ್ಕೆ ಒಂದು ಆಧಾರಸೂಚಿಯನ್ನು ಸೇರಿಸಬೇಕೆಂಬ ಅಂತರರಾಷ್ಟ್ರೀಯ ಅಭಿಯಾನ ನಡೆದುಬಂದಿದೆ. ಅಭಿಯಾನ ಕೇಳುವುದು ಇಷ್ಟೇ: ಓದುಗನ ಕೈಗೆ ಸಿಗುವ ಮಾತಿಗೆ ಅದು ಎಲ್ಲಿಂದ ಬಂತೆಂಬ ಗುರುತು ಇರಬೇಕು. ಇದು ಗ್ರಂಥಪಾಲಕರ ಅತ್ಯಂತ ಹಳೆಯ ಕೆಲಸ.

ಹಳ್ಳಿಯ ಮಟ್ಟದಲ್ಲಿ ಬದಲಾವಣೆ ತಡವಾಗಿ ಬಂದರೂ ವೇಗವಾಗಿ ಬಂತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ರಾಜ್ಯದಲ್ಲಿ ಇವುಗಳ ಸಂಖ್ಯೆ 5,000ಕ್ಕೂ ಹೆಚ್ಚು. 2020ರಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುವ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. ಅದೇ ವರ್ಷ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವೂ ಬಳಕೆಗೆ ಬಂತು. ಅನಂತರ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ ಎಂಬ ಹೆಸರು ಪಡೆದವು. ದಿನಪತ್ರಿಕೆಗಳನ್ನು ಹರಡಿ, ಎರವಲು ಪುಸ್ತಕದ ದಾಖಲೆ ಬರೆಯುವುದಕ್ಕೆ ಸೀಮಿತವಾಗಿದ್ದ ಮೇಲ್ವಿಚಾರಕರು ಗಣಕಯಂತ್ರ ಮತ್ತು ವಾಟ್ಸಾಪ್ ಗುಂಪುಗಳ ನಿರ್ವಾಹಕರೂ ಆದರು. ಆದರೆ ಬಹುಕಾಲ ಈ ಹುದ್ದೆ ಗೌರವಧನದ ಮೇಲೆ ನಡೆದು ಬಂದದ್ದೆಂಬುದನ್ನು ಮರೆಯುವಂತಿಲ್ಲ. ಕೆಲಸದ ವ್ಯಾಪ್ತಿ ಬೆಳೆದಷ್ಟು ಬೇಗ ಹುದ್ದೆಯ ಭದ್ರತೆ ಬೆಳೆಯಲಿಲ್ಲ.

ಒಂದು ದೈವ, ಎರಡು ಹೆಸರು

ಈ ಹಿನ್ನೆಲೆಯಲ್ಲಿ ಮಂಗಸೂಳಿಯ ಪ್ರಶ್ನೆಗೆ ಮರಳಬಹುದು. ಮೈಲಾರ ಸಂಪ್ರದಾಯ ಕನ್ನಡ ಮತ್ತು ಮರಾಠಿ ಸೀಮೆಗಳೆರಡನ್ನೂ ವ್ಯಾಪಿಸಿದೆ. ಜರ್ಮನ್ ವಿದ್ವಾಂಸ ಗುಂಟರ್ ಸೊಂಥೈಮರ್ (1934–1992) ತಮ್ಮ ಜೀವಿತದ ದೊಡ್ಡ ಭಾಗವನ್ನು ಖಂಡೋಬಾ ಆರಾಧನೆಯ ಅಧ್ಯಯನಕ್ಕೆ ಮೀಸಲಿಟ್ಟರು. ಕನ್ನಡದ ಭಕ್ತರು ‘ಏಳುಕೋಟಿ’ ಎಂದು ಉಘೇ ಹೇಳಿದರೆ ಮರಾಠಿಯವರು ‘ಯೆಳಕೋಟ’ ಎನ್ನುತ್ತಾರೆ. ಇಲ್ಲಿ ಗೊರವ, ವಗ್ಗಯ್ಯ. ಅಲ್ಲಿ ವಾಘ್ಯಾ, ಮುರಳಿ. ಇಲ್ಲಿಯ ಗಂಗಿಮಾಳವ್ವ ಅಲ್ಲಿಯ ಮ್ಹಾಳಸಾ. ಹಾಲುಮತದವರ ಡೊಳ್ಳಿನ ಹಾಡು ಮತ್ತು ಧನಗರರ ಓವಿ ಒಂದೇ ಕುರಿಗಾಹಿ ಲೋಕದ ಎರಡು ಕಂಠಗಳು.

ಜಾಲದಲ್ಲಿ ಇದರ ಪರಿಣಾಮ ವಿಚಿತ್ರವಾಗಿದೆ. ಖಂಡೋಬಾ ಎಂದು ದೇವನಾಗರಿಯಲ್ಲಿ ಹುಡುಕುವವರಿಗೆ ಮೈಲಾರ ಎಂಬ ಕನ್ನಡ ಶೀರ್ಷಿಕೆಯ ಹಾಡು ಸುಲಭವಾಗಿ ಎದುರಾಗುವುದಿಲ್ಲ. ಊರಿನ ಹೆಸರೂ ಮಂಗಸೂಳಿ, ಮಂಗಸುಳಿ, ಮಂಗ್ಸೂಳಿ ಎಂದು ಬರೆದವರ ಕೈಗೆ ಬಂದಂತೆ ಬದಲಾಗುತ್ತದೆ. ಗ್ರಂಥಾಲಯ ಶಾಸ್ತ್ರದಲ್ಲಿ ಇದಕ್ಕೆ ಹಳೆಯ ಪರಿಹಾರವಿದೆ: ಒಂದು ಹೆಸರನ್ನು ಅಂಗೀಕೃತ ಶೀರ್ಷಿಕೆಯಾಗಿ ಆರಿಸಿ, ಉಳಿದವುಗಳಿಂದ ಅದರತ್ತ ‘ನೋಡಿ’ ಎಂದು ಸೂಚಿಸುವುದು. ಸೂಚೀಪತ್ರದ ಕಾರ್ಡಿನ ಮೇಲೆ ಒಂದು ಸಾಲಿನಲ್ಲಿ ಆಗುತ್ತಿದ್ದ ಈ ಕೆಲಸವನ್ನು ಇಂದು ವಿಕಿಯ ಪುಟದಲ್ಲಿ, ದೃಶ್ಯಮುದ್ರಿಕೆಯ ವಿವರಣೆಯಲ್ಲಿ ಮಾಡಬೇಕಾಗಿದೆ. ಎರಡೂ ಭಾಷೆ ಬಲ್ಲ ಗಡಿಯೂರಿನ ಗ್ರಂಥಪಾಲಕರಷ್ಟು ಸಮರ್ಥವಾಗಿ ಇದನ್ನು ದೂರದ ನಗರದ ತಂತ್ರಜ್ಞರು ಮಾಡಲಾರರು. 1965 ಮತ್ತು 1967ರ ಎರಡು ಕಾಯಿದೆಗಳು ಬೇರೆಯಾಗಿಸಿದ ಪುಸ್ತಕಪಟ್ಟಿಗಳು ಪರಸ್ಪರ ಮಾತನಾಡುವಂತಾಗುವುದು ಇಂತಹ ಒಂದು ಸಾಲಿನಿಂದಲೇ.

ಹಂಚಿಕೆ ಮತ್ತು ಉಳಿಕೆ

ಜೆ. ಎಫ್. ಫ್ಲೀಟ್ ಅವರು 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಮೊದಲಾದ ವಿಷಯಗಳ ಲಾವಣಿಗಳನ್ನು ಅನುವಾದ ಸಹಿತ ಪ್ರಕಟಿಸಿದರು. ಆ ಲಾವಣಿಗಳು ಇಂದಿಗೂ ಸಂಶೋಧಕರಿಗೆ ದೊರೆಯುತ್ತಿರುವುದಕ್ಕೆ ಅವು ದಿನಾಂಕ ಮತ್ತು ಪುಟಸಂಖ್ಯೆಗಳಿರುವ ಸಂಪುಟಗಳಲ್ಲಿ ಸೇರಿ, ಗ್ರಂಥಾಲಯಗಳ ಕಪಾಟು ಹತ್ತಿದ್ದೇ ಕಾರಣ. ಇಂದು ಜಾತ್ರೆಯೊಂದರಲ್ಲಿ ಮುದ್ರಿತವಾಗುವ ಹಾಡುಗಳ ಸಂಖ್ಯೆ ಫ್ಲೀಟ್ ಪ್ರಕಟಿಸಿದವುಗಳಿಗಿಂತ ಹೆಚ್ಚಿರಬಹುದು. ಆದರೆ 2009ರಲ್ಲಿ ಆರಂಭವಾದ ವಾಟ್ಸಾಪ್ ಮೂಲಕ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರ ಕುಗ್ಗುತ್ತದೆ. ಅದರೊಳಗೆ ಅಡಗಿದ್ದ ದಿನ, ಸ್ಥಳಗಳ ಮಾಹಿತಿ ಕಳಚುತ್ತದೆ. ಕಡತದ ಮೂಲ ಹೆಸರು ಹೋಗಿ ಸಂಖ್ಯೆ ಕೂಡುತ್ತದೆ. ಹಂಚಿಕೆ ಬೇರೆ, ಉಳಿಕೆ ಬೇರೆ. ಜಾಲಮಾಧ್ಯಮ ಮೊದಲನೆಯದರಲ್ಲಿ ನಿಪುಣ. ಎರಡನೆಯದು ಅದರ ಧರ್ಮವಲ್ಲ.

ಜಾನಪದ ವಿದ್ವಾಂಸ ಅಲನ್ ಡಂಡೆಸ್ 1964ರಲ್ಲಿ ಪಠ್ಯ, ಅದರ ಭಾಷಿಕ ಹೆಣಿಗೆ ಮತ್ತು ಸಂದರ್ಭ ಎಂಬ ಮೂರು ಸ್ತರಗಳನ್ನು ಗುರುತಿಸಿ, ಸಂದರ್ಭವಿಲ್ಲದ ಪಠ್ಯ ಅರ್ಧ ಸತ್ಯವೆಂಬ ಅರಿವನ್ನು ಬೆಳೆಸಿದರು. ಅದನ್ನು ಗ್ರಾಮ ಗ್ರಂಥಾಲಯದ ಮಟ್ಟಕ್ಕೆ ತರುವುದು ಕಷ್ಟವೇನಲ್ಲ. ಪ್ರತಿ ಮುದ್ರಿಕೆಯೊಂದಿಗೆ ಹಾಡಿದವರ ಹೆಸರು, ಊರು, ಭಾಷೆ, ದಿನಾಂಕ, ಸಂದರ್ಭ, ಮುದ್ರಿಸಿದವರ ಹೆಸರು ಮತ್ತು ಹಾಡಿದವರ ಒಪ್ಪಿಗೆ ಎಂಬ ಏಳು ವಿವರಗಳು ಒಂದು ನೋಂದಣಿ ಪುಸ್ತಕದಲ್ಲಿ ದಾಖಲಾದರೆ ಸಾಕು. ಮೂಲ ಕಡತ ಗ್ರಂಥಾಲಯದಲ್ಲಿಯೂ, ಮತ್ತೊಂದು ಪ್ರತಿ ಬೇರೆ ಸ್ಥಳದಲ್ಲಿಯೂ ಇರಬೇಕು. ಜಾಲತಾಣಕ್ಕೆ ಹೋಗುವುದು ಮೂರನೆಯ ಪ್ರತಿ. ತಾಣ ಮುಚ್ಚಿದರೂ ನೋಂದಣಿ ಪುಸ್ತಕ ಮುಚ್ಚುವುದಿಲ್ಲ.

ಏಳು ವಿವರಗಳಲ್ಲಿ ಒಪ್ಪಿಗೆಯೇ ಹೆಚ್ಚು ಸೂಕ್ಷ್ಮವಾದುದು. ಹಕ್ಕುಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯ ಮೂಲಕ ಹಾಡುಗಾರರೂ ಸೇರಿದಂತೆ ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಪ್ರಾಪ್ತವಾಯಿತು. ಹಾಡು ಪರಂಪರೆಯದಾದರೂ ಆ ದಿನದ ಕಂಠ ಆ ವ್ಯಕ್ತಿಯದು. ಮುಕ್ತ ಪರವಾನಗಿಯಡಿ ಒಮ್ಮೆ ಬಿಡುಗಡೆಯಾದುದನ್ನು ಹಿಂದಕ್ಕೆ ಪಡೆಯುವಂತಿಲ್ಲ. ಆದ್ದರಿಂದ ಭಿಕ್ಷಾಟನೆ ಮತ್ತು ಹರಕೆಯ ಹಾಡುಗಳಿಂದ ಬದುಕುವ ಗೊರವ, ವಾಘ್ಯಾ ಕಲಾವಿದರಿಗೆ ತಮ್ಮ ಹಾಡು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವರ ಭಾಷೆಯಲ್ಲಿ ತಿಳಿಸಿ ಹೇಳುವುದು ಸೌಜನ್ಯ ಮಾತ್ರವಲ್ಲ, ಕರ್ತವ್ಯವೂ ಹೌದು. ಕೆಲವು ಆಚರಣೆಯ ಹಾಡುಗಳನ್ನು ಹೊರಗೆ ಬಿಡಬಾರದೆಂದು ಸಮುದಾಯ ಹೇಳಿದರೆ ಅವು ಗ್ರಂಥಾಲಯದೊಳಗೆ ಮಾತ್ರ ಉಳಿಯಬೇಕು.

ಸಮಾರೋಪ

1945ರ ಕೊಲ್ಹಾಪುರದ ಕಾಯಿದೆಯಿಂದ 2020ರ ಡಿಜಿಟಲ್ ಗ್ರಂಥಾಲಯದವರೆಗೆ ನೋಡಿದರೆ ಈ ಸೀಮೆಯಲ್ಲಿ ಪುಸ್ತಕವನ್ನು ಜನರ ಬಳಿಗೆ ಒಯ್ಯುವ ವ್ಯವಸ್ಥೆ ಹಲವು ಬಾರಿ ರೂಪ ಬದಲಿಸಿದೆ. ಜಾಲಮಾಧ್ಯಮದ ಬಳಕೆಯನ್ನು ಗ್ರಂಥಪಾಲಕರ ಹೊಸ ವೃತ್ತಿಯೆಂದು ಭಾವಿಸುವುದಕ್ಕಿಂತ, ಅವರ ಹಳೆಯ ವೃತ್ತಿಯ ಹೊಸ ಸಾಮಗ್ರಿಯೆಂದು ತಿಳಿಯುವುದು ಹೆಚ್ಚು ಸೂಕ್ತ. ಗುಂಪಿಗೆ ಸಂದೇಶ ಕಳುಹಿಸುವುದನ್ನು ಯಾರು ಬೇಕಾದರೂ ಮಾಡಬಲ್ಲರು. ಕಳುಹಿಸಿದ್ದು ಯಾರದು, ಎಲ್ಲಿಯದು, ಎಂದಿನದು ಎಂದು ಬರೆದಿಡುವ ಶಿಸ್ತು ಗ್ರಂಥಪಾಲಕರದು. ರಾಜ್ಯದ ಜಾನಪದ ಸಂಸ್ಥೆಗಳು ಮತ್ತು ವಿಶ್ವವಿದ್ಯಾಲಯಗಳು ಈ ಶಿಸ್ತಿಗೆ ತರಬೇತಿಯನ್ನೂ, ಸರಕಾರ ಹುದ್ದೆಗೆ ತಕ್ಕ ವೇತನವನ್ನೂ ಒದಗಿಸಿದಲ್ಲಿ ಗಡಿಯೂರಿನ ಪ್ರತಿಯೊಂದು ಗ್ರಂಥಾಲಯವೂ ಒಂದು ಪುಟ್ಟ ಜಾನಪದ ಸಂಗ್ರಹಾಲಯವಾಗಬಲ್ಲದು. ಮಂಗಸೂಳಿಯ ಮಲ್ಲಯ್ಯನ ಮುಂದೆ ಇಂದು ಹಾಡುವ ಕಂಠ ನಾಳೆ ಇರಲಾರದು. ನಾಳೆ ಆ ಹಾಡನ್ನು ಕೇಳುವವರಿಗೆ ಅದರೊಂದಿಗೆ ಹಾಡಿದವರ ಹೆಸರೂ ದೊರೆಯಬೇಕಾದರೆ ಅದು ಇಂದೇ, ಊರಿನಲ್ಲಿಯೇ ದಾಖಲಾಗಬೇಕು.