80 ಸೆಂಟಿಮೀಟರಿನ ಹಿಂದಿರುವ 150 ವರ್ಷ

ಆಶಾ ಕಾರ್ಯಕರ್ತೆ ಟೇಪು ಹಿಡಿದು ಮನೆಗೆ ಬಂದರೆ ನಮ್ಮ ಕಡೆ ಹೆಣ್ಣುಮಕ್ಕಳು ನಗುತ್ತಾರೆ. ‘ಏನವ್ವಾ, ಕುಬಸಾ ಹೊಲಸ್ತಿಯೇನು?’ ಎಂದು ಚಾಷ್ಟಿ ಮಾಡುತ್ತಾರೆ. ಆಕೆ ಬಂದಿರುವುದು ಕುಬಸದ ಅಳತೆಗಲ್ಲ. 30 ವರ್ಷ ದಾಟಿದವರ ಸೊಂಟದ ಸುತ್ತಳತೆ ಬರೆದುಕೊಳ್ಳಲು ಆಕೆಯ ಫಾರ್ಮಿನಲ್ಲಿ ಒಂದು ಸಾಲು ಇದೆ. ಅದರಲ್ಲಿ ಹೆಣ್ಣುಮಕ್ಕಳಿಗೆ ಹಾಕಿರುವ ಗಡಿ 80 ಸೆಂಟಿಮೀಟರ್.

ಸುದ್ದಿಗೆಂದು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸುತ್ತುವಾಗ ನಮಗೆ ಒಂದೇ ಮಾತು ಮತ್ತೆ ಮತ್ತೆ ಕೇಳುತ್ತದೆ. ‘ಹೊಲದಾಗ ದುಡದು ಉಣ್ಣೋರಿಗೆ ಸಕ್ಕರಿ ಬ್ಯಾನಿ ಹೆಂಗ ಬರ್ತೈತ್ರಿ? ಅದು ಸಾವಕಾರ್ರ ಬ್ಯಾನಿ.’ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಉತ್ತರ ಬೇಕೆಂದರೆ ನಮ್ಮ ಜಿಲ್ಲೆಯ ಹಸಿವಿನ, ದುಡಿಮೆಯ, ಊಟದ ಇತಿಹಾಸವನ್ನು ನೋಡಬೇಕು.

ಐದು ಅಳತೆ, ಒಂದು ಹೆಸರು

ವೈದ್ಯರು ಐದು ಸಂಗತಿ ನೋಡುತ್ತಾರೆ. ಹೆಣ್ಣುಮಕ್ಕಳಲ್ಲಿ ಸೊಂಟದ ಸುತ್ತಳತೆ 80 ಸೆಂ.ಮೀ. ಅಥವಾ ಹೆಚ್ಚು. ಬಿಪಿ 130/85 ಅಥವಾ ಹೆಚ್ಚು. ಬರಿಹೊಟ್ಟೆಯ ಶುಗರ್ 100 ಅಥವಾ ಹೆಚ್ಚು. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು 150 ಅಥವಾ ಹೆಚ್ಚು. ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟ್ರಾಲ್ 50ಕ್ಕಿಂತ ಕಡಿಮೆ. ಇವುಗಳಲ್ಲಿ ಮೂರು ಕೂಡಿದರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಇವೆಲ್ಲ ಒಂದೇ ಬಳ್ಳಿಯ ಕಾಯಿ ಎಂದು 1988ರಲ್ಲಿ ಒತ್ತಿ ಹೇಳಿದವರು ಅಮೆರಿಕದ ವೈದ್ಯ ಜೆರಾಲ್ಡ್ ರೀವನ್. ಆಗ ಅವರು ಅದನ್ನು ‘ಸಿಂಡ್ರೋಮ್ ಎಕ್ಸ್’ ಎಂದು ಕರೆದಿದ್ದರು.

ಇದರಲ್ಲಿ ನೋವಿಲ್ಲ, ಜ್ವರವಿಲ್ಲ. ಅದಕ್ಕೇ ಯಾರೂ ದವಾಖಾನೆಗೆ ಹೋಗುವುದಿಲ್ಲ. ಮುಂದೆ ಸಕ್ಕರೆ ಕಾಯಿಲೆ, ಹೃದಯಾಘಾತ, ಲಕ್ವಾ ಬಂದಾಗಲೇ ಗೊತ್ತಾಗುವುದು.

ಬರಗಾಲದ ನೆಲ

ನಮ್ಮದು ಎರಿ ಹೊಲದ ಸೀಮೆ. ಮಳೆ ಹಿಡಿದರೆ ಜೋಳ, ಕಡಲೆ, ಕುಸುಬಿ, ಗೋಧಿ. ಮಳೆ ಕೈಕೊಟ್ಟರೆ ಏನೂ ಇಲ್ಲ. 1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಮುಂಬೈ ಪ್ರಾಂತ್ಯದಲ್ಲಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಧಾರವಾಡವೂ ಒಂದು. 1872ರ ಜನಗಣತಿಗಿಂತ 1881ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಕಡಿಮೆಯಾಗಿತ್ತು. ಒಂಬತ್ತು ವರ್ಷದಲ್ಲಿ ಬೆಳೆಯಬೇಕಾದ ಜಿಲ್ಲೆ ಕುಗ್ಗಿತ್ತು.

ಬರ ಮುಗಿದ ಮೇಲೂ ಅರೆಹೊಟ್ಟೆ ಮುಗಿಯಲಿಲ್ಲ. ಎಳೆ ವಯಸ್ಸಿಗೆ ಮದುವೆ, ಮೇಲಿಂದ ಮೇಲೆ ಬಸಿರು, ಹೆರಿಗೆಯ ಹಿಂದಿನ ದಿನದವರೆಗೂ ಕಳೆ ತೆಗೆಯುವುದು. ಉಣ್ಣುವಾಗ ಮಾತ್ರ ಎಲ್ಲರಿಗಿಂತ ಕೊನೆಯ ಪಾಳಿ. ಇಂಥ ತಾಯಂದಿರ ಕೂಸುಗಳು ಸಣ್ಣಗೆ ಹುಟ್ಟಿದವು. ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಹೆಸರುವಾಸಿ. ಅಂಥ ತೊಟ್ಟಿಲಲ್ಲಿ ಮಲಗಿದ ಕೂಸಿನ ತೂಕವನ್ನು ಹಳ್ಳಿಯಲ್ಲಿ ಯಾರು ಬರೆದಿಡುತ್ತಿದ್ದರು?

ಮೈಸೂರಿನ ಒಂದು ಆಸ್ಪತ್ರೆ ಬರೆದಿಟ್ಟಿತ್ತು.

ಮೈಸೂರಿನ ದಫ್ತರು

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ದಫ್ತರುಗಳಿದ್ದವು. 1990ರ ದಶಕದಲ್ಲಿ ಅಲ್ಲಿನ ವೈದ್ಯರು, ಇಂಗ್ಲೆಂಡಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮೊದಲಾದವರು ಕೂಡಿ, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದವರನ್ನು ಹುಡುಕಿ ತಪಾಸಣೆ ಮಾಡಿದರು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕಿಲೊ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ, ನಡುವಯಸ್ಸಿನ ಹೊತ್ತಿಗೆ, ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ ಇತ್ತು. ಸುಮಾರು 3.2 ಕಿಲೊಗಿಂತ ಹೆಚ್ಚು ತೂಗಿದವರಲ್ಲಿ ಅದು ನೂರಕ್ಕೆ 3.

ಪುಣೆಯ ಹತ್ತಿರದ ಆರು ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1993ರಿಂದ ಬಸುರಿಯರನ್ನು ಗಮನಿಸಿತು. ಅವರೂ ನಮ್ಮವರಂತೆ ಹೊಲದಲ್ಲಿ ದುಡಿಯುವವರು, ಜೋಳ ಸಜ್ಜೆ ಉಣ್ಣುವವರು. ಅವರ ಕೂಸುಗಳ ಸರಾಸರಿ ತೂಕ 2.7 ಕಿಲೊ, ಇಂಗ್ಲೆಂಡಿನ ಕೂಸುಗಳದು 3.5 ಕಿಲೊ. ತೂಕ ಇಷ್ಟು ಕಡಿಮೆ ಇದ್ದರೂ ಮೈಯೊಳಗಿನ ಕೊಬ್ಬು ಅಷ್ಟು ಕಡಿಮೆ ಇರಲಿಲ್ಲ. ಕಡಿಮೆಯಾಗಿದ್ದದ್ದು ಮಾಂಸಖಂಡ. ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಕೂಡಿಟ್ಟುಕೊಂಡ ಕೂಸು ಅದು. ಬಸಿರಲ್ಲಿ ಹಸಿವು ಕಂಡ ದೇಹ ಉಳಿತಾಯ ಕಲಿತು ಹುಟ್ಟುತ್ತದೆ. ಮುಂದೆಯೂ ಅರೆಹೊಟ್ಟೆ, ಮೈಮುರಿ ದುಡಿಮೆ ಇದ್ದರೆ ಆ ಉಳಿತಾಯ ಕೈಹಿಡಿಯುತ್ತದೆ. ಊಟ ಹೆಚ್ಚಿ ದುಡಿಮೆ ಕಡಿಮೆಯಾದರೆ ಅದೇ ಉಳಿತಾಯ ಹೊಟ್ಟೆಯ ಸುತ್ತ ಕೂಡುತ್ತದೆ.

ನಮ್ಮಲ್ಲಿ ಈ ಬದಲಾವಣೆ ಒಂದೇ ಜೀವಮಾನದಲ್ಲಿ ಆಗಿಹೋಯಿತು.

ಬೀಸುಕಲ್ಲು ನಿಂತಿತು, ಕಾಲುವೆ ಬಂತು

ನಮ್ಮ ಅಜ್ಜಿಯರು ಕೋಳಿ ಕೂಗುವ ಹೊತ್ತಿಗೆ ಬೀಸುಕಲ್ಲಿನ ಮುಂದೆ ಕೂರುತ್ತಿದ್ದರು. ಊರಿಗೆ ಗಿರಣಿ ಬಂತು. ಕೆರೆಯಿಂದ ಕೊಡ ಹೊರುವ ಬದಲು ನಳ ಬಂತು. ಕಟ್ಟಿಗೆ ಹೊರೆಯ ಬದಲು ಸಿಲಿಂಡರ್ ಬಂತು. ಕಳೆಗೆ ಎಣ್ಣೆ, ರಾಶಿಗೆ ಮಷಿನ್ ಬಂತು. ಬೀಸುಕಲ್ಲು ಮತ್ತೆ ಬರಲಿ ಎಂದು ನಾವು ಹೇಳುತ್ತಿಲ್ಲ. ಅದು ಹೆಣ್ಣುಮಕ್ಕಳ ರೆಟ್ಟೆ ಮುರಿದ ಕಲ್ಲು. ಆದರೆ ಆ ದುಡಿಮೆ ಹೋದ ಜಾಗದಲ್ಲಿ ಬೇರೆ ಯಾವ ನಡಿಗೆ, ಆಟ, ವ್ಯಾಯಾಮವೂ ಬರಲಿಲ್ಲ. ಸಂಜೆ ರಸ್ತೆಯ ಮೇಲೆ ಗಂಡಸು ನಡೆದರೆ ವಾಕಿಂಗ್, ಹೆಂಗಸು ನಡೆದರೆ ‘ಎಲ್ಲಿಗೆ ಹೊಂಟಾಳ?’ ಎಂಬ ಪ್ರಶ್ನೆ.

1970ರ ದಶಕದಲ್ಲಿ ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನಿಂದ ಮಲಪ್ರಭೆಯ ನೀರು ನವಲಗುಂದದ ಕಡೆ ಹರಿಯಿತು. ಕರದ ಹೊರೆ ವಿರುದ್ಧ 1980ರ ಜುಲೈ 21ರಂದು ರೈತರು ಬಂಡೆದ್ದದ್ದು, ಗೋಲಿಬಾರು ನಡೆದದ್ದು ಎಲ್ಲರಿಗೂ ನೆನಪಿದೆ. ಅದೇ ಕಾಲದಲ್ಲಿ ಅಡಿಗೆಮನೆಯಲ್ಲಿ ನಡೆದ ಬದಲಾವಣೆಗೆ ಮಾತ್ರ ಸ್ಮಾರಕವಿಲ್ಲ. ಹತ್ತಿ ನಮಗೆ ಹೊಸದಲ್ಲ, ಬ್ರಿಟಿಷರ ಕಾಲದಲ್ಲೇ ಧಾರವಾಡದ ಹತ್ತಿಗೆ ಹೆಸರಿತ್ತು. ಆದರೆ 1970ರ ದಶಕದಲ್ಲಿ ಧಾರವಾಡದಲ್ಲೇ ಹುಟ್ಟಿದ ವರಲಕ್ಷ್ಮಿಯಂಥ ಹೈಬ್ರಿಡ್ ಹತ್ತಿ, ಆಮೇಲೆ ಗೋವಿನಜೋಳ ಹೊಲ ತುಂಬಿದವು. ಹೊಟ್ಟೆಗೆ ಬೆಳೆಯುತ್ತಿದ್ದ ಹೊಲ ರೊಕ್ಕಕ್ಕೆ ಬೆಳೆಯತೊಡಗಿತು. ಅಕ್ಕಡಿ ಸಾಲಿನಲ್ಲಿ ಬರುತ್ತಿದ್ದ ಹೆಸರು, ಮಡಿಕೆ, ಅಗಸಿ, ಗುರೆಳ್ಳು ಕಡಿಮೆಯಾದವು.

ತಾಟಿನಲ್ಲಿ ಬದಲಾದದ್ದು

1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆಯಿತು. ಗಾಣದ ಕುಸುಬಿ ಎಣ್ಣೆ ದುಬಾರಿಯಾಗಿ ಪಾಮೋಲಿನ್ ಪಾಕೀಟು ಸಸ್ತಾ ಆಯಿತು. ಕುಸುಬಿ ಎಣ್ಣೆಗಿಂತ ಅದರಲ್ಲಿ ಗಟ್ಟಿಗಟ್ಟುವ ಕೊಬ್ಬು ಬಹಳ ಹೆಚ್ಚು. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದು ಕಿಲೊಗೆ ಒಂದು ರೂಪಾಯಿಯಂತೆ ಅಕ್ಕಿ ಸಿಕ್ಕಿತು. ಬರದ ನೆನಪಿರುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಅನೇಕ ಒಲೆಗಳು ಅದರಿಂದ ಉರಿದಿವೆ.

ಅಕ್ಕಿ ವಿಷವಲ್ಲ, ಕಲಘಟಗಿಯ ಮಲೆನಾಡ ಸೆರಗಿನಲ್ಲಿ ಮೊದಲಿಂದಲೂ ಅನ್ನ ಇತ್ತು. ತೊಂದರೆ ಇರುವುದು ತಾಟು ಬರಿದಾದದ್ದರಲ್ಲಿ. ಬಿಸಿ ರೊಟ್ಟಿಯ ಜೊತೆ ಕಾಳುಪಲ್ಯ, ಪುಂಡಿಪಲ್ಯ, ಹಸಿ ಹಕ್ಕರಕಿ, ಗುರೆಳ್ಳ ಚಟ್ನಿ ಇರುತ್ತಿತ್ತು. ಈಗ ಅನೇಕ ಮನೆಗಳಲ್ಲಿ ಅನ್ನ, ನೀರು ಸಾರು, ನಡುವೆ ನಾಲ್ಕು ಸಲ ಸಕ್ಕರೆ ಚಹಾ, ಸಂಜೆಗೆ ಕರಿದ ತಿನಿಸು. ಕಾಳುಪಲ್ಯ ಇದ್ದ ಮನೆಯಲ್ಲೂ ಅದು ಗಂಡಸರ, ಮಕ್ಕಳ ತಾಟಿಗೆ ಮೊದಲು ಹೋಗುತ್ತದೆ. ರೊಟ್ಟಿ ಬಡಿದಾಕೆಗೆ ಉಳಿಯುವುದು ಅನ್ನ ಮತ್ತು ಉಪ್ಪಿನಕಾಯಿ.

ಅದಕ್ಕೇ ಒಂದೇ ಓಣಿಯಲ್ಲಿ ಎರಡೂ ಕಾಣುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 17 ಮಂದಿ ತೀರಾ ತೆಳ್ಳಗಿದ್ದಾರೆ, ಸುಮಾರು 30 ಮಂದಿಗೆ ತೂಕ ಹೆಚ್ಚು. ಸುಮಾರು 48 ಮಂದಿಗೆ ರಕ್ತಹೀನತೆ. ಹೊಟ್ಟೆ ದಪ್ಪ, ರಕ್ತ ಕಡಿಮೆ: ಎರಡೂ ಒಬ್ಬಾಕೆಯಲ್ಲೇ ಇರಬಹುದು. ದಪ್ಪಗಿದ್ದಾಳೆ ಎಂದರೆ ಉಂಡು ಕೊಬ್ಬಿದ್ದಾಳೆ ಎಂದು ಅರ್ಥವಲ್ಲ.

ಈಗ ಏನು?

ಐದರಲ್ಲಿ ಮೂರು ಅಳತೆಗೆ ಹುಬ್ಬಳ್ಳಿಗೆ ಹೋಗಬೇಕಿಲ್ಲ. ಸೊಂಟ, ಬಿಪಿ, ಶುಗರ್ ಮೂರನ್ನೂ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ನೋಡುತ್ತಾರೆ. ಮೂರೂ ಗಡಿ ದಾಟಿದ್ದರೆ ಅಲ್ಲಿಗೇ ಲೆಕ್ಕ ಸಿಕ್ಕಂತೆ. ಮುಂದಿನ ರಕ್ತ ಪರೀಕ್ಷೆಗೆ ವೈದ್ಯರು ಹೇಳುತ್ತಾರೆ. ಶುಗರ್ ನೋಡಿಸಲು ಬೆಳಿಗ್ಗೆ ಚಹಾ ಸಹ ಕುಡಿಯದೆ ಹೋಗಬೇಕು. ಟೇಪನ್ನು ಸೀರೆಯ ಮೇಲಲ್ಲ, ಪಕ್ಕೆಲುಬಿನ ಕೆಳಗೆ ಮತ್ತು ಸೊಂಟದ ಎಲುಬಿನ ಮೇಲೆ, ನಡುವೆ ಸುತ್ತಿ, ಉಸಿರು ಬಿಟ್ಟ ಮೇಲೆ ಅಳೆಯಬೇಕು. ಬಸಿರಲ್ಲಿ ಶುಗರ್ ಬಂದು ಹೆರಿಗೆಯಾದ ಮೇಲೆ ಹೋಗಿದ್ದರೂ ಆರು ವಾರಕ್ಕೆ ಒಮ್ಮೆ, ಆಮೇಲೂ ಆಗಾಗ ನೋಡಿಸಲೇಬೇಕು. ಅಂಥ ತಾಯಂದಿರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚು. ತಂಬಾಕು ತಿಕ್ಕುವ ಚಟ ಇದ್ದರೆ ಅದನ್ನೂ ಬಿಡಬೇಕು.

ಈಗ ಬಸುರಿ ಇರುವ ಸೊಸೆಯ ತಾಟಿಗೆ ಕಾಳು, ಸೊಪ್ಪು, ಹಾಲು ಮೊದಲು ಬಿದ್ದರೆ ಅದು ಅವಳೊಬ್ಬಳ ಊಟವಲ್ಲ. ಹುಟ್ಟುವ ಕೂಸಿನ ಐವತ್ತನೇ ವರ್ಷದ ಆರೋಗ್ಯವೂ ಅದರಲ್ಲಿದೆ.

ನಮ್ಮ ಮನೆಗಳಲ್ಲಿ ಅಪ್ಪನ ಬಿಪಿ ಎಷ್ಟು ಎಂದು ಕೇಳಿದರೆ ತಟ್ಟನೆ ಹೇಳುತ್ತೇವೆ. ಗುಳಿಗೆಯ ಬಣ್ಣವೂ ಗೊತ್ತು. ಅವ್ವನದು ಎಷ್ಟು ಎಂದು ನಾವು ನಾವೇ ಕೇಳಿಕೊಂಡಾಗ ಯಾರಿಗೂ ಗೊತ್ತಿರಲಿಲ್ಲ. ಅಪ್ಪನನ್ನು ದವಾಖಾನೆಗೆ ಕರೆದೊಯ್ದು ಪಾಳಿಯಲ್ಲಿ ಕೂತು ಬಂದವಳು ಅವಳೇ. ಮುಂದಿನ ಸಲ ಅವರಿಬ್ಬರೂ ಹೋದಾಗ ಚೀಟಿ ಎರಡು ಮಾಡಿಸಿ.